ಕಾಡುವ ಕಾರು, ಕಾಯುವ ಕಾರು

ಪೋರ್ಶೆ ಕಂಪನಿ 1974ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ, 911 ಟರ್ಬೊ ಎಂಬ ಕಾರನ್ನು ಜನರ ಮುಂದಿಟ್ಟಿತು. ಕಾರ್ಖಾನೆಯೊಳಗೆ ಅದರ ಸಂಖ್ಯೆ 930; ಕಾರುಪ್ರಿಯರು ಇಂದಿಗೂ ಅದನ್ನು ಆ ಸಂಖ್ಯೆಯಿಂದಲೇ ಕರೆಯುತ್ತಾರೆ. ಹದಿನಾರು ವರ್ಷಗಳ ತರುವಾಯ, 1990ರಲ್ಲಿ, ಜಪಾನಿನ ಹೋಂಡಾ ಕಂಪನಿ ಎನ್‌ಎಸ್‌ಎಕ್ಸ್ ಎಂಬ ಕಾರನ್ನು ಮಾರಾಟಕ್ಕೆ ಬಿಟ್ಟಿತು. ಕಾಗದದ ಮೇಲೆ ಇವೆರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡಕ್ಕೂ ಮೂರು ಲೀಟರಿನ, ಆರು ಸಿಲಿಂಡರಿನ ಎಂಜಿನ್. ಎರಡರಲ್ಲೂ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಮೊದಲನೆಯದರದು 260 ಅಶ್ವಶಕ್ತಿ, ಎರಡನೆಯದರದು 270ರ ಆಸುಪಾಸು.

ಆದರೆ ಲೋಕ ಇವುಗಳ ಬಗ್ಗೆ ಆಡಿದ ಮಾತು ಬೇರೆ ಬೇರೆ. 930ಕ್ಕೆ ‘ವಿಡೋಮೇಕರ್’ ಎಂಬ ಅಡ್ಡಹೆಸರು ಬಿತ್ತು. ಅಂದರೆ ಹೆಂಡಂದಿರನ್ನು ವಿಧವೆಯರನ್ನಾಗಿಸುವ ಕಾರು. ಇದನ್ನು ಜನ ಬೈಗುಳವಾಗಿ ಹೇಳಲಿಲ್ಲ. ಮೆಚ್ಚುಗೆಯಿಂದ, ಕೊಂಚ ಹೆಮ್ಮೆಯಿಂದ ಹೇಳಿದರು. ಎನ್‌ಎಸ್‌ಎಕ್ಸ್‌ಗೆ ಇಂಥ ಅಡ್ಡಹೆಸರು ಯಾವುದೂ ಅಂಟಲಿಲ್ಲ. ಅದರ ಮೇಲೆ ಬಂದ ದೂರು ಒಂದೇ, ಮತ್ತೆ ಮತ್ತೆ ಬಂದದ್ದು: ಎಲ್ಲವೂ ಸರಿಯಾಗಿದೆ, ಆದರೆ ಆತ್ಮವಿಲ್ಲ.

ಇವೆರಡರಲ್ಲಿ ಯಾವುದನ್ನೂ ನಾನು ಓಡಿಸಿಲ್ಲ. ಯಾವುದು ಹೆಚ್ಚು ಒಳ್ಳೆಯ ಕಾರು ಎಂದು ತೀರ್ಪು ಕೊಡುವ ಅಧಿಕಾರವೂ ನನಗಿಲ್ಲ. ನನ್ನನ್ನು ಕಾಡುವುದು ಆ ಎರಡು ಮಾತುಗಳು. ಕೊಲ್ಲಬಹುದಾದ ಯಂತ್ರದಲ್ಲಿ ನಮಗೆ ಜೀವ ಕಾಣಿಸುತ್ತದೆ. ಕಾಯುವ ಯಂತ್ರದಲ್ಲಿ ಆತ್ಮವೇ ಕಾಣಿಸುವುದಿಲ್ಲ. ಹೀಗೇಕೆ? ಯಂತ್ರಗಳ ಬಗ್ಗೆ ಮಾತ್ರ ಹೀಗೆ ಯೋಚಿಸುತ್ತಿದ್ದರೆ ಇದು ಹವ್ಯಾಸಿಗಳ ಹರಟೆ ಎಂದು ಬಿಟ್ಟುಬಿಡಬಹುದಿತ್ತು. ಮನುಷ್ಯರ ಬಗ್ಗೆಯೂ ನಾವು ಹೀಗೇ ಯೋಚಿಸುತ್ತೇವೆ ಎಂಬುದೇ ತೊಡಕು.

*

ಮೊದಲು 930 ಯಾಕೆ ಹೆದರಿಸುತ್ತಿತ್ತು ಎಂಬುದನ್ನು ನೋಡೋಣ. ಇದರಲ್ಲಿ ನಿಗೂಢವಾದದ್ದೇನೂ ಇಲ್ಲ, ಹೈಸ್ಕೂಲಿನ ಭೌತಶಾಸ್ತ್ರ ಸಾಕು.

911ರ ಎಂಜಿನ್ ಇರುವುದು ಕಾರಿನ ಬೆನ್ನಿಗೆ, ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಹೀಗಾಗಿ ಕಾರಿನ ಭಾರದ ದೊಡ್ಡ ಪಾಲು ಬಾಲದಲ್ಲೇ ಇರುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಚಾಲಕ ಥಟ್ಟನೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ, ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರುಗಳ ಮೇಲಿನ ಒತ್ತಡ ಕಡಿಮೆಯಾಗಿ ಅವು ನೆಲದ ಹಿಡಿತ ಬಿಡುತ್ತವೆ. ಆಗ ಆ ಭಾರವಾದ ಬಾಲ ಲೋಲಕದಂತೆ ಹೊರಗೆ ಬೀಸಿ, ಕಾರೇ ಗಿರ್ರನೆ ತಿರುಗಿಬಿಡುತ್ತದೆ.

ಇದರ ಜೊತೆಗೆ ಟರ್ಬೊ. ಸೈಲೆನ್ಸರಿನ ಕಡೆ ಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುರುಕುವ ಉಪಾಯವದು. ಅಂದಿನ ದೊಡ್ಡ ಟರ್ಬೊ ಚಕ್ರಕ್ಕೆ ವೇಗ ಹಿಡಿಯಲು ಹೊತ್ತು ಬೇಕಿತ್ತು. ಚಾಲಕ ಕಾಲು ಒತ್ತಿದಾಗ ಮೊದಲು ಏನೂ ಆಗುತ್ತಿರಲಿಲ್ಲ. ಆಮೇಲೆ, ಅವನು ಅಷ್ಟರಲ್ಲಿ ತಿರುವಿನ ನಡುವೆ ಇದ್ದಾಗ, ಕೇಳಿದ ಶಕ್ತಿಯೆಲ್ಲ ಒಮ್ಮೆಲೇ ಬಂದು ಹಿಂದಿನ ಚಕ್ರಗಳಿಗೆ ಅಪ್ಪಳಿಸುತ್ತಿತ್ತು. ಬೆಚ್ಚಿದ ಚಾಲಕ ಏನು ಮಾಡುತ್ತಾನೆ? ಕಾಲು ತೆಗೆಯುತ್ತಾನೆ. ಅದೇ ಅವನು ಮಾಡಬಾರದ ಕೆಲಸ.

930ರ ವಿಶೇಷ ಇರುವುದು ಇಲ್ಲೇ. ಹೆದರಿದಾಗ ಯಾರೇ ಆದರೂ ಮೊದಲು ಮಾಡುವ ಕೆಲಸವನ್ನೇ ಅದು ಶಿಕ್ಷಿಸುತ್ತದೆ. ಅದನ್ನು ಓಡಿಸಲು ಕಲಿಯುವುದೆಂದರೆ ತನ್ನ ಹೆದರಿಕೆಯ ಮಾತು ಕೇಳದಿರಲು ಕಲಿಯುವುದು. ತಿರುವಿಗೆ ಮೊದಲೇ ವೇಗ ಇಳಿಸಬೇಕು, ಒಳಗೆ ಹೋದ ಮೇಲೆ ಕಾಲು ಅಲುಗಿಸಬಾರದು, ಶಕ್ತಿ ಎಷ್ಟು ಹೊತ್ತಿಗೆ ಬರುತ್ತದೆಂದು ಲೆಕ್ಕ ಹಾಕಿ ಮುಂಚಿತವಾಗಿಯೇ ಕೇಳಬೇಕು. ಇದನ್ನು ಕಲಿತವರು ಆ ಕಾರನ್ನು ಪ್ರೀತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಕಲಿಕೆ ನಿಜವಾದದ್ದು; ಕೈಕಾಲುಗಳಲ್ಲಿ ಉಳಿಯುವ ತಿಳಿವಳಿಕೆ ಅದು.

*

ಈಗ ಎನ್‌ಎಸ್‌ಎಕ್ಸ್. ಷಿಗೆರು ಉಎಹಾರಾ ಅವರ ಮುಂದಾಳತ್ವದಲ್ಲಿ ಹೋಂಡಾದ ಎಂಜಿನಿಯರುಗಳು ಎಂಜಿನ್ನನ್ನು ಕಾರಿನ ನಡುವೆ, ಚಾಲಕನ ಬೆನ್ನ ಹಿಂದೆ, ಇಟ್ಟರು. ಭಾರ ಮಧ್ಯದಲ್ಲಿದ್ದರೆ ಬಾಲ ಬೀಸುವ ಗೋಜು ಕಡಿಮೆ. ಟರ್ಬೊ ಇಡಲಿಲ್ಲ, ಕಾಲು ಒತ್ತಿದಷ್ಟು, ಒತ್ತಿದ ಕ್ಷಣವೇ ಶಕ್ತಿ ಬರಬೇಕೆಂದು ನಿಮಿಷಕ್ಕೆ 8,000 ಸುತ್ತಿನವರೆಗೆ ತಿರುಗಬಲ್ಲ ಎಂಜಿನ್ ಮಾಡಿದರು. ಅದಕ್ಕಾಗಿ ಎಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡುಗಳನ್ನು ಟೈಟಾನಿಯಮ್‌ನಿಂದ ಮಾಡಿದರು. ಮಾರಾಟದ ಕಾರೊಂದರ ಇಡೀ ಒಡಲನ್ನು ಅಲ್ಯೂಮಿನಿಯಮ್‌ನಲ್ಲಿ ಕಟ್ಟಿದರು. ಎಫ್-16 ಯುದ್ಧವಿಮಾನದ ಪೈಲಟ್ ಕೂರುವ ಜಾಗವನ್ನು ಮಾದರಿಯಾಗಿಟ್ಟುಕೊಂಡು, ಸುತ್ತಲೂ ಚೆನ್ನಾಗಿ ಕಾಣುವಂತೆ ಕಿಟಕಿ ಗಾಜುಗಳನ್ನು ಕೂರಿಸಿದರು. ಬ್ರೇಕು ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ಎಬಿಎಸ್ ಇತ್ತು, ಹಿಂದಿನ ಚಕ್ರಗಳು ಜಾರದಂತೆ ತಡೆಯುವ ವ್ಯವಸ್ಥೆ ಇತ್ತು.

1989ರಲ್ಲಿ ಸುಜುಕಾ ಟ್ರ್ಯಾಕಿನಲ್ಲಿ ಅಯರ್ಟನ್ ಸೆನ್ನಾ ಇದರ ಮೊದಲ ಮಾದರಿಯೊಂದನ್ನು ಓಡಿಸಿ ನೋಡಿದರು. ಕಾರಿನ ಒಡಲು ಸಾಕಷ್ಟು ಬಿಗಿಯಾಗಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಎಂಜಿನಿಯರುಗಳು ಜರ್ಮನಿಯ ನೂರ್ಬುರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಕಾರನ್ನು ಪರೀಕ್ಷೆಗಿಟ್ಟು, ಅದನ್ನು ಬಹಳಷ್ಟು ಗಟ್ಟಿಗೊಳಿಸಿದರು.

ಎಂಜಿನ್ ನಡುವೆ ಇರುವ ಯಾವ ಕಾರನ್ನೂ ಮಿತಿ ಮೀರಿ ತಳ್ಳಿದರೆ ಅದು ತಿರುಗಿಬಿದ್ದೀತು. ಎನ್‌ಎಸ್‌ಎಕ್ಸ್ ಇದಕ್ಕೆ ಹೊರತಲ್ಲ. ಆದರೆ ಮಿತಿಯ ಈಚೆಗೆ ಅದು ತನ್ನ ಚಾಲಕನಿಂದ ಅಸಾಧ್ಯವಾದದ್ದನ್ನು ಕೇಳುತ್ತಿರಲಿಲ್ಲ. ಅದರಲ್ಲಿ ಕೂತು ಸಂತೆಗೆ ಹೋಗಿ ಬರಬಹುದಿತ್ತು. ಅದೇ ಅದರ ದೋಷವೆಂದು ಎಣಿಕೆಯಾಯಿತು. 2005ರಲ್ಲಿ ತಯಾರಿಕೆ ನಿಲ್ಲುವವರೆಗೆ, ಹದಿನೈದು ವರ್ಷಗಳಲ್ಲಿ, ಮಾರಾಟವಾದದ್ದು ಸುಮಾರು 18,000 ಕಾರುಗಳು ಮಾತ್ರ.

*

ಮತ್ತೆ ಆ ಅಡ್ಡಹೆಸರಿಗೆ ಬರೋಣ. ಪೋರ್ಶೆಯ ನಾಡಾದ ಪಶ್ಚಿಮ ಜರ್ಮನಿಯಲ್ಲಿ ಅದೇ ಕಾಲಕ್ಕೆ ಇನ್ನೊಂದು ಯಂತ್ರಕ್ಕೂ ಇದೇ ಹೆಸರಿತ್ತು. ಅಮೆರಿಕದ ಲಾಕ್‌ಹೀಡ್ ಕಂಪನಿಯ ಎಫ್-104 ಸ್ಟಾರ್‌ಫೈಟರ್ ಯುದ್ಧವಿಮಾನಕ್ಕೆ. 1960ರ ದಶಕದಿಂದ ಆ ದೇಶದ ಸೇನೆ ಬಳಸಿದ ಈ ವಿಮಾನಗಳಲ್ಲಿ ಸುಮಾರು ಮೂರರಲ್ಲೊಂದು ಅಪಘಾತಕ್ಕೀಡಾಯಿತು, ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಜನ ಅದನ್ನೂ ವಿಧವೆಯರನ್ನು ಮಾಡುವ ಯಂತ್ರವೆಂದೇ ಕರೆದರು. ಆದರೆ ವಿಮಾನದ ಮಟ್ಟಿಗೆ ಆ ಮಾತು ಆರೋಪವಾಗಿತ್ತು. ಸತ್ತ ಪೈಲಟ್‌ಗಳ ಪತ್ನಿಯರು ಲಾಕ್‌ಹೀಡ್ ಮೇಲೆ ಮೊಕದ್ದಮೆ ಹೂಡಿದರು. ಅಲ್ಲಿ ವಿಧವೆ ಎಂಬ ಪದಕ್ಕೆ ಮುಖವಿತ್ತು, ನ್ಯಾಯಾಲಯದಲ್ಲಿ ನಿಂತು ಮಾತಾಡುವ ಬಾಯಿ ಇತ್ತು.

ಕಾರಿನ ವಿಷಯಕ್ಕೆ ಬಂದಾಗ ಅದೇ ಪದ ಅಲಂಕಾರವಾಯಿತು. ಅಡ್ಡಹೆಸರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಆದರೆ ಅವಳು ಕಾರಿನೊಳಗಿಲ್ಲ. ತಿರುವಿನ ರೋಮಾಂಚನ ಅವಳದಲ್ಲ, ಕಲಿಕೆಯ ಹೆಮ್ಮೆ ಅವಳದಲ್ಲ. ಗಂಡನ ಧೈರ್ಯ ಎಷ್ಟು ದೊಡ್ಡದೆಂದು ಅಳೆಯುವುದಕ್ಕೆ ಅವಳ ದುಃಖ ಒಂದು ಸೇರು, ಒಂದು ಪಾವು. ಯಂತ್ರವೊಂದರ ‘ಆತ್ಮ’ವನ್ನು ಹೊಗಳುವಾಗ ನಾವು ಮರೆಯುವುದು ಸಾಮಾನ್ಯವಾಗಿ ಇಂಥವರನ್ನೇ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಪೈಲಟ್ ಆಜ್ಞೆಗೆ ಒಳಪಟ್ಟವನು; ಕೊಟ್ಟ ವಿಮಾನವನ್ನು ಹಾರಿಸಬೇಕಾದವನು. 930 ಕೊಂಡವನಾದರೋ ಗೊತ್ತಿದ್ದೇ ಕೊಂಡ, ತನ್ನ ಹಣ ಕೊಟ್ಟು ಕೊಂಡ. ತತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ ಆಟ ಎಂದರೇನು ಎಂಬ ಪ್ರಶ್ನೆಗೆ 1978ರ ತನ್ನ ಪುಸ್ತಕವೊಂದರಲ್ಲಿ ಉತ್ತರ ಹುಡುಕಿದ. ಅಗತ್ಯವಿಲ್ಲದ ಅಡೆತಡೆಗಳನ್ನು ನಾವಾಗಿಯೇ ಒಪ್ಪಿಕೊಂಡು ಅವುಗಳನ್ನು ದಾಟಲು ಹೊರಡುವುದೇ ಆಟ ಎಂಬುದು ಅವನ ವಾದದ ತಿರುಳು. ಬೆಟ್ಟದ ತುದಿಗೆ ರಸ್ತೆಯಿದ್ದರೂ ಬಂಡೆ ಹತ್ತುವವರಿದ್ದಾರೆ. ಅವರ ಕಷ್ಟವನ್ನು ದಡ್ಡತನ ಎನ್ನುವವರಿಗೆ ಆಟ ಅರ್ಥವಾಗಿಲ್ಲ. ಹಾಗಾದರೆ 930ರ ಚಾಲಕನೂ ಆಟಗಾರನಲ್ಲವೆ?

ಹೌದು, ಮೈದಾನ ಸರಿಯಾಗಿದ್ದರೆ. ರೇಸ್ ಟ್ರ್ಯಾಕಿನಲ್ಲಿ ಇರುವವರೆಲ್ಲರೂ ಆ ಆಟಕ್ಕೆ ಒಪ್ಪಿ ಬಂದವರು. ಊರ ರಸ್ತೆಯಲ್ಲಿ ಹಾಗಲ್ಲ. ಎದುರಿನಿಂದ ಬರುವ ಸೈಕಲ್ ಸವಾರ ಯಾವ ಆಟಕ್ಕೂ ಹೆಸರು ಕೊಟ್ಟಿಲ್ಲ. ಹೋಂಡಾ 1992ರಲ್ಲಿ ಎನ್‌ಎಸ್‌ಎಕ್ಸ್-ಆರ್ ಎಂಬ ಇನ್ನೊಂದು ಕಾರನ್ನು ತಂದಿತು. ಅದರಲ್ಲಿ ಸುಖಸೌಕರ್ಯಗಳನ್ನು ಕಿತ್ತುಹಾಕಿ ಸುಮಾರು 120 ಕಿಲೊ ಭಾರ ಇಳಿಸಿದ್ದರು; ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯನ್ನೂ ತೆಗೆದಿದ್ದರು. ಕಷ್ಟ ಬೇಕೆಂದವರು ಕೇಳಿ ಪಡೆಯಲಿ, ಬೇಡದವರ ಮೇಲೆ ಅದನ್ನು ಹೇರುವುದು ಬೇಡ ಎಂಬ ವಿವೇಕ ಇದರಲ್ಲಿದೆ.

ಪೋರ್ಶೆಯ ಎಂಜಿನಿಯರುಗಳಿಗೂ ಅನ್ಯಾಯ ಮಾಡಬಾರದು. ಎಲೆಕ್ಟ್ರಾನಿಕ್ ಎಬಿಎಸ್ 1974ರಲ್ಲಿ ಅವರ ಕೈಗೆಟುಕುವಂತಿರಲಿಲ್ಲ. ಅಂಥ ವ್ಯವಸ್ಥೆ ಬಾಷ್ ಕಂಪನಿಯಿಂದ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ಟರ್ಬೊದ ತಡವರಿಕೆಯನ್ನು ಅವರು ಯಾರನ್ನೋ ಪರೀಕ್ಷಿಸಲೆಂದು ಇಟ್ಟದ್ದಲ್ಲ. ಎಂಜಿನ್ ಹಿಂದಿದ್ದದ್ದು ಬೀಟಲ್ ಕಾರಿನ ಕಾಲದಿಂದ ಬಂದ ಪಿತ್ರಾರ್ಜಿತ. 1978ರಲ್ಲಿ ಅವರು 930ರ ಎಂಜಿನ್ನಿಗೆ ಇಂಟರ್‌ಕೂಲರ್ ಸೇರಿಸಿದರು, 917 ರೇಸ್ ಕಾರಿನ ಬ್ರೇಕುಗಳಿಂದ ಕಲಿತು ದೊಡ್ಡ ಬ್ರೇಕು ಕೊಟ್ಟರು. 1980ರ ದಶಕದ 959 ಕಾರಿನಲ್ಲಿ ಎರಡು ಟರ್ಬೊಗಳನ್ನು ಒಂದಾದ ಮೇಲೊಂದು ಕೆಲಸ ಮಾಡುವಂತೆ ಜೋಡಿಸಿ ಆ ತಡವರಿಕೆಯನ್ನು ತಗ್ಗಿಸಿದರು. 1995ರ 911 ಟರ್ಬೊ ಹೊತ್ತಿಗೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚಿದ್ದರು. ಅಭಿಮಾನಿಗಳು ಯಾವುದನ್ನು ಆತ್ಮ ಎಂದು ಆರಾಧಿಸಿದರೋ ಅದನ್ನು ತಿದ್ದುವುದಕ್ಕೆ ಕಾರು ಮಾಡಿದವರೇ ಇಪ್ಪತ್ತು ವರ್ಷ ದುಡಿದರು.

*

ಕಾಡುವುದನ್ನು ಮೆಚ್ಚುವ ಈ ಗುಣ ತತ್ವಶಾಸ್ತ್ರದಲ್ಲೂ ಇದೆ. ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಪರೋಪಕಾರಿಯ ಉದಾಹರಣೆ ಕೊಡುತ್ತಾನೆ. ಸ್ವಭಾವದಿಂದಲೇ ಕರುಣೆಯುಳ್ಳವನು ಇತರರಿಗೆ ಸಂತೋಷದಿಂದ ನೆರವಾಗುತ್ತಾನೆ. ಒಳ್ಳೆಯದೇ, ಆದರೆ ಅದರಲ್ಲಿ ನಿಜವಾದ ನೈತಿಕ ಬೆಲೆಯಿಲ್ಲ. ಅದೇ ಮನುಷ್ಯ ಸ್ವಂತ ದುಃಖದಲ್ಲಿ ಮುಳುಗಿ, ಮನಸ್ಸು ಮರಗಟ್ಟಿ, ಯಾರ ಮೇಲೂ ಕನಿಕರ ಹುಟ್ಟದಿರುವಾಗಲೂ ಕರ್ತವ್ಯವೆಂದು ಎದ್ದು ಹೋಗಿ ನೆರವಾದರೆ ಆ ಕೆಲಸಕ್ಕೆ ಬೆಲೆ ಬರುತ್ತದೆ. ಇದನ್ನು ಓದಿದ ಕವಿ ಷಿಲ್ಲರ್ ಗೇಲಿ ಮಾಡಿದ. ನನಗೆ ಗೆಳೆಯರಿಗೆ ನೆರವಾಗುವುದೆಂದರೆ ಇಷ್ಟ, ಅಯ್ಯೋ, ಹಾಗಾದರೆ ನಾನು ಒಳ್ಳೆಯವನಲ್ಲ. ಮೊದಲು ಅವರನ್ನು ದ್ವೇಷಿಸುವುದನ್ನು ಕಲಿತು ಆಮೇಲೆ ನೆರವಾಗಬೇಕು ಎಂಬರ್ಥದಲ್ಲಿ. ಕಾಂಟ್ ಹೇಳಿದ್ದು ಅಷ್ಟು ಒರಟಲ್ಲ ಎಂದು ಅವನ ಪಂಡಿತರು ವಾದಿಸುತ್ತಾರೆ, ಅದರಲ್ಲಿ ನಿಜವೂ ಇದೆ. ಆದರೂ ಷಿಲ್ಲರನ ಪ್ರಶ್ನೆ ಉಳಿಯುತ್ತದೆ. ಒಳ್ಳೆಯತನ ಸಲೀಸಾಗಿ ಹರಿದು ಬಂದರೆ ಅದು ಕಡಿಮೆಯೇ? 1793ರ ಪ್ರಬಂಧವೊಂದರಲ್ಲಿ ಅವನು ಕರ್ತವ್ಯ ಮತ್ತು ಇಷ್ಟ ಎರಡೂ ಒಂದಾದ ಮನಸ್ಸನ್ನು ಸುಂದರವಾದ ಆತ್ಮ ಎಂದು ಕರೆದ. ಅಂಥ ಮನಸ್ಸಿನಲ್ಲಿ ಹೋರಾಟದ ಗುರುತು ಕಾಣುವುದಿಲ್ಲ. ಹಾವಭಾವದಲ್ಲಿ ಒಂದು ಲಾಲಿತ್ಯ ಕಾಣುತ್ತದೆ.

ಷಿಲ್ಲರನ ಕಣ್ಣಿನಿಂದ ನೋಡಿದರೆ ಆತ್ಮ ಇರುವುದು ಎನ್‌ಎಸ್‌ಎಕ್ಸ್‌ಗೇ.

ಹಾಗಿದ್ದರೂ ನಮಗೆ ಅದು ಯಾಕೆ ಕಾಣುವುದಿಲ್ಲ? ನಮಗೆ ಗೊತ್ತಾಗುವುದು ನಮ್ಮ ಬೆವರು ಮಾತ್ರ ಎಂದು ತೋರುತ್ತದೆ. 930ರಲ್ಲಿ ಕಷ್ಟಪಡುವವನು ಚಾಲಕ. ಹಾಗಾಗಿ ಆ ಕಷ್ಟ ಅವನಿಗೆ ಪ್ರತಿ ತಿರುವಿನಲ್ಲೂ ಕಾಣುತ್ತದೆ, ಅದನ್ನು ಅವನು ಕಾರಿನ ಜೀವಂತಿಕೆ ಎಂದು ಓದಿಕೊಳ್ಳುತ್ತಾನೆ. ಎನ್‌ಎಸ್‌ಎಕ್ಸ್‌ನಲ್ಲಿ ಆ ಕಷ್ಟವನ್ನು ಬೇರೆ ಯಾರೋ, ಬೇರೆಲ್ಲೋ, ಮೊದಲೇ ಪಟ್ಟಿದ್ದಾರೆ. ನೂರ್ಬುರ್ಗ್‌ರಿಂಗ್‌ನಲ್ಲಿ ದಿನಗಟ್ಟಲೆ ಅಲೆದು ಒಡಲನ್ನು ಬಿಗಿಮಾಡಿದವರಿದ್ದಾರೆ. ಟೊಚಿಗಿಯಲ್ಲಿ ಈ ಕಾರಿಗೆಂದೇ ಕಟ್ಟಿದ ಕಾರ್ಖಾನೆಯಲ್ಲಿ ಅಲ್ಯೂಮಿನಿಯಮ್ ಬೆಸೆದವರಿದ್ದಾರೆ. ಅವರ ದುಡಿಮೆ ಚಾಲಕನನ್ನು ಮುಟ್ಟುವಷ್ಟರಲ್ಲಿ ಸುಗಮತೆಯಾಗಿ ಮಾರ್ಪಟ್ಟಿರುತ್ತದೆ, ಮತ್ತು ಸುಗಮತೆಗೆ ಸದ್ದಿಲ್ಲ. ಸದ್ದಿಲ್ಲದ್ದನ್ನು ನಾವು ಇಲ್ಲವೆಂದು ತಿಳಿಯುತ್ತೇವೆ.

ಓದುಗರಾದ ನಮಗೆ ಇದು ಅಪರಿಚಿತವೇನಲ್ಲ. ಎರಡು ಸಲ ಓದಿದರೂ ಬಿಡಿಸಲಾಗದ ಗದ್ಯವನ್ನು ನಾವು ಗಹನ ಎನ್ನುತ್ತೇವೆ. ಒಂದೇ ಓದಿಗೆ ತಿಳಿಯುವ ಗದ್ಯವನ್ನು ತೆಳು ಎನ್ನುತ್ತೇವೆ. ತಿಳಿಯಾಗಿ ಬರೆದವರು ಎಷ್ಟು ಸಲ ಹೊಡೆದುಹಾಕಿ ಬರೆದಿರಬಹುದೆಂಬ ಯೋಚನೆ ಬರುವುದಿಲ್ಲ. ಗದರುವ ಮೇಷ್ಟರ ಕತೆಗಳನ್ನು ಇಪ್ಪತ್ತು ವರ್ಷವಾದ ಮೇಲೂ ರಸವತ್ತಾಗಿ ಹೇಳುತ್ತೇವೆ. ಯಾರ ಪಾಠ ಸುಲಭವಾಗಿ ತಲೆಗೆ ಹೋಯಿತೋ ಅವರ ಬಗ್ಗೆ ಹೇಳಲು ಕತೆಯೇ ಇರುವುದಿಲ್ಲ. ಮನೆಯಲ್ಲಿ ಸಿಟ್ಟುಮಾಡಿಕೊಳ್ಳುವವರ ಮುಖ ಎಲ್ಲರೂ ನೋಡುತ್ತಾರೆ. ಸಿಟ್ಟು ಬಾರದಂತೆ ಎಲ್ಲವನ್ನೂ ಮೊದಲೇ ಅಣಿಮಾಡಿಟ್ಟವರು ಅಡುಗೆಮನೆಯಲ್ಲೇ ಉಳಿಯುತ್ತಾರೆ. ಅವರಿಗೆ ‘ವ್ಯಕ್ತಿತ್ವವಿಲ್ಲ’ ಎಂದೂ ಹೇಳುವವರಿದ್ದಾರೆ.

*

ಹಾಗಂತ ಎಲ್ಲ ಕಷ್ಟವನ್ನೂ ತೊಡೆದುಹಾಕಬೇಕೆ? ಸ್ಟೀರಿಂಗ್ ತಾನೇ ತಿರುಗುವ, ಬ್ರೇಕು ತಾನೇ ಬೀಳುವ ಕಾರು ಎಲ್ಲಕ್ಕಿಂತ ಕರುಣಾಮಯಿಯೆ? ಇಲ್ಲಿ 930ರ ಅಭಿಮಾನಿಗಳ ಮಾತಿಗೂ ಕಿವಿಗೊಡಬೇಕು. ಎಲ್ಲವನ್ನೂ ನಮ್ಮ ಬದಲು ಮಾಡಿಕೊಡುವವರು ನಮ್ಮನ್ನು ಕಾಯುತ್ತಿಲ್ಲ, ನಮ್ಮ ಜಾಗವನ್ನು ಆಕ್ರಮಿಸುತ್ತಿದ್ದಾರೆ. ಮಗುವಿನ ಕೈ ಹಿಡಿದು ನಡೆಸುವುದು ಬೇರೆ, ಸದಾ ಸೊಂಟದಲ್ಲೇ ಹೊತ್ತು ತಿರುಗುವುದು ಬೇರೆ.

ಈ ಗೆರೆ ಎಲ್ಲಿದೆ ಎಂಬುದಕ್ಕೆ ಗಾರ್ಡನ್ ಮರ್ರೆ ಅವರ ಉದಾಹರಣೆ ನೆರವಿಗೆ ಬರುತ್ತದೆ. 1992ರಲ್ಲಿ ಹೊರಬಂದ ಮೆಕ್‌ಲಾರೆನ್ ಎಫ್‌1 ಕಾರಿನ ವಿನ್ಯಾಸಕ ಅವರು. ಅಂದಿನ ಮಟ್ಟಿಗೆ ಜಗತ್ತಿನ ಅತಿವೇಗದ ಮಾರಾಟದ ಕಾರು ಅದು. ಅದನ್ನು ರೂಪಿಸುವಾಗ ಅವರು ಮಾದರಿಯಾಗಿ ಇಟ್ಟುಕೊಂಡದ್ದು ಎನ್‌ಎಸ್‌ಎಕ್ಸ್ ಅನ್ನು. ಸ್ವತಃ ಒಂದನ್ನು ಕೊಂಡು ವರ್ಷಗಟ್ಟಲೆ ಓಡಿಸಿದರು. ಆದರೆ ಎಫ್‌1ರಲ್ಲಿ ಎಬಿಎಸ್ ಇರಲಿಲ್ಲ, ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ ಇರಲಿಲ್ಲ, ಪವರ್ ಸ್ಟೀರಿಂಗ್ ಕೂಡ ಇರಲಿಲ್ಲ. ಆರುನೂರಕ್ಕೂ ಹೆಚ್ಚು ಅಶ್ವಶಕ್ತಿಯ ಆ ಕಾರು ಸಾಧುಪ್ರಾಣಿಯೇನಲ್ಲ. ಹಾಗಾದರೆ ಮರ್ರೆ ಎನ್‌ಎಸ್‌ಎಕ್ಸ್‌ನಿಂದ ತೆಗೆದುಕೊಂಡದ್ದೇನು? ಒರಟು ರಸ್ತೆಯಲ್ಲೂ ಮೈ ನೋಯಿಸದ ಸಸ್ಪೆನ್ಷನ್, ಹೇಳಿದಂತೆ ಕೇಳುವ ತಿರುವಿನ ಗುಣ, ದಿನಬಳಕೆಗೆ ಒಗ್ಗುವ ನಡತೆ. ಬೇಡದ ಕಷ್ಟವನ್ನು ತೆಗೆದರೆ ಚಾಲಕನ ಗಮನವೆಲ್ಲ ಬೇಕಾದ ಕಷ್ಟಕ್ಕೆ ಸಿಗುತ್ತದೆ. ಎನ್‌ಎಸ್‌ಎಕ್ಸ್ ಕೂಡ ಇದನ್ನು ಅರಿತಿತ್ತು. ಆರಂಭದ ವರ್ಷಗಳಲ್ಲಿ ಕೈಯಿಂದ ಗೇರು ಬದಲಿಸುವ ಅದರ ಮಾದರಿಗೆ ಪವರ್ ಸ್ಟೀರಿಂಗ್ ಕೊಟ್ಟಿರಲಿಲ್ಲ. ರಸ್ತೆಯ ಭಾರ ಚಾಲಕನ ಅಂಗೈಗೆ ತಿಳಿಯಲಿ ಎಂದು.

ರಸ್ತೆ ಒಡ್ಡುವ ಕಷ್ಟ ಒಂದು, ಕಾರು ತಾನಾಗಿ ಸೇರಿಸುವ ಕಷ್ಟ ಇನ್ನೊಂದು. ಮೊದಲನೆಯದು ನಮಗೆ ಏನನ್ನಾದರೂ ಕಲಿಸುತ್ತದೆ. ಎರಡನೆಯದೂ ಕಲಿಸುತ್ತದೆ, ಆದರೆ ಮುಖ್ಯವಾಗಿ ತನ್ನನ್ನು ಸಹಿಸಿಕೊಳ್ಳುವುದು ಹೇಗೆ ಎಂಬುದನ್ನು. ಸಿಡುಕಿನ ಗುರುವಿನ ಬಳಿ ಸಂಗೀತ ಕಲಿತವರು ರಾಗವನ್ನೂ ಕಲಿಯುತ್ತಾರೆ, ಗುರುವಿನ ಸಿಡುಕನ್ನು ದಾಟುವ ಉಪಾಯವನ್ನೂ ಕಲಿಯುತ್ತಾರೆ. ಮುಂದೆ ನೆನಪು ಹೇಳುವಾಗ ಎರಡನೆಯದನ್ನೇ ವಿದ್ಯೆಯ ಕಠಿಣತೆ ಎಂದು ಹೇಳಿಬಿಡುತ್ತಾರೆ. ರಾಗದ ಕಷ್ಟ ರಾಗಕ್ಕೆ ಸೇರಿದ್ದು. ಸಿಡುಕು ಹಾಗಲ್ಲ, ಅದನ್ನು ತೆಗೆದರೂ ರಾಗ ಅಷ್ಟೇ ಆಳವಾಗಿರುತ್ತದೆ.

930ರ ಚೆಲುವನ್ನು ಅಲ್ಲಗಳೆಯಬೇಕಿಲ್ಲ. ಹಿಂದಿನ ಅಗಲವಾದ ಸೊಂಟ, ತಿಮಿಂಗಿಲದ ಬಾಲದಂಥ ಆ ರೆಕ್ಕೆ, ತಡವಾಗಿ ಬಂದು ಬೆನ್ನಿಗೆ ಗುದ್ದುವ ಶಕ್ತಿ ಇವೆಲ್ಲ ಮನಸ್ಸನ್ನು ಸೆಳೆಯುವುದು ಸಹಜ. ಅದನ್ನು ಪಳಗಿಸಿದವರ ಕೌಶಲವೂ ದೊಡ್ಡದು. ಆ ಮೆಚ್ಚುಗೆಗೆ ಅಡ್ಡಹೆಸರಿನಲ್ಲಿರುವ ಹೆಣ್ಣುಮಗಳನ್ನು ಮರೆಯುವುದು ಬೆಲೆಯಾಗಬಾರದು, ಅಷ್ಟೇ.

ಎನ್‌ಎಸ್‌ಎಕ್ಸ್‌ನ ಚಾಲಕನ ಆಸನದಿಂದ ಸುತ್ತಲೂ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಅದನ್ನು ತೆಗಳುವವರೂ ಒಪ್ಪುತ್ತಾರೆ. ಬಾನೆಟ್ ತಗ್ಗು, ಕಂಬಗಳು ತೆಳು, ಗಾಜು ಅಗಲ. ವೇಗದ ಕಾರುಗಳಲ್ಲಿ ಇದು ಅಪರೂಪ. ಬಹಳಷ್ಟು ಕಾರುಗಳನ್ನು ಬೇರೆಯವರು ನೋಡಲೆಂದು ಮಾಡಿರುತ್ತಾರೆ, ಒಳಗಿಂದ ಹೊರಗೆ ನೋಡಲೆಂದಲ್ಲ. ಈ ಕಾರಿನಲ್ಲಿ ಕೂತವರಿಗೆ ಎದುರಿನ ತಿರುವು ಕಾಣುತ್ತದೆ, ಪಕ್ಕದಲ್ಲಿ ಸಾಗುವ ಸೈಕಲ್ ಸವಾರ ಕಾಣುತ್ತಾನೆ, ರಸ್ತೆ ದಾಟಲು ನಿಂತವರು ಕಾಣುತ್ತಾರೆ.